ಎಣ್ಣೆ ಬತ್ತಿದ ಬಾವಿ ಮುಚ್ಚುವ ಖರ್ಚು ಯಾರದು?

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ತೈಲ ಬಾವಿ ಕೊರೆದಾಗ, ಬತ್ತಿದ ಮೇಲೆ ಅದನ್ನು ಮುಚ್ಚಬೇಕೆಂಬ ಕಾನೂನೇ ಇರಲಿಲ್ಲ. ಆಮೇಲೂ ಎಷ್ಟೋ ವರ್ಷ ಮರದ ದಿಮ್ಮಿಯನ್ನೋ ಕಲ್ಲುಮಣ್ಣನ್ನೋ ತುರುಕಿ ಹೊರಟುಬಿಡುತ್ತಿದ್ದರು. ಆ ದೇಶದಲ್ಲಿ ಕೈಬಿಟ್ಟ ಬಾವಿಗಳು 30 ಲಕ್ಷಕ್ಕೂ ಜಾಸ್ತಿ ಎಂದು ಅಲ್ಲಿನ ಪರಿಸರ ಸಂಸ್ಥೆ ಇಪಿಎ ಅಂದಾಜಿಸಿದೆ. ಸರಿಯಾಗಿ ಮುಚ್ಚದಿದ್ದರೆ ಮೀಥೇನ್ ಸೋರುತ್ತದೆ. ಉಪ್ಪುನೀರು, ಎಣ್ಣೆ ಅಂತರ್ಜಲಕ್ಕೆ ಸೇರುತ್ತವೆ.

ಮುಂದೆ ಬಾಂಡ್ ಪದ್ಧತಿ ಬಂತು. ಕಂಪನಿ ಮೊದಲೇ ಠೇವಣಿಯ ಹಾಗೆ ಒಂದು ಬಾಂಡ್ ಕೊಡಬೇಕು. ಕಂಪನಿ ಕೈಕೊಟ್ಟರೆ ಸರ್ಕಾರ ಆ ಹಣದಲ್ಲಿ ಬಾವಿ ಮುಚ್ಚಬಹುದು. ಯೋಚನೆ ಒಳ್ಳೆಯದೇ, ಮೊತ್ತ ಮಾತ್ರ ನಾಚಿಕೆಗೇಡು. ಅಮೆರಿಕದ ಕೇಂದ್ರ ಸರ್ಕಾರದ ಜಮೀನಿನಲ್ಲಿ ಒಂದು ಗುತ್ತಿಗೆಗೆ ಕನಿಷ್ಠ 10,000 ಡಾಲರ್ ಎಂದು 1960ರಲ್ಲಿ ಗೊತ್ತುಮಾಡಿದರು. ಒಂದು ಗುತ್ತಿಗೆಯಲ್ಲಿ ಹಲವು ಬಾವಿಗಳಿರಬಹುದು. ಒಂದೇ ಬಾವಿ ಮುಚ್ಚಿ ನೆಲ ಸರಿಪಡಿಸಲು ಹತ್ತಾರು ಸಾವಿರ ಡಾಲರ್ ಬೇಕಾಗುತ್ತದೆ. ಆದರೂ ಆ ಅಂಕಿ 2024ರವರೆಗೆ ಕದಲಲಿಲ್ಲ. ಆ ವರ್ಷ ಅದನ್ನು 1,50,000ಕ್ಕೆ ಏರಿಸಿದರು.

ಇನ್ನೊಂದು ತೂತು ಮಾರಾಟದಲ್ಲಿದೆ. ಇಳುವರಿ ಕುಸಿದಾಗ ದೊಡ್ಡ ಕಂಪನಿ ಸಣ್ಣದಕ್ಕೆ ಬಾವಿ ಮಾರುತ್ತದೆ. ಸಣ್ಣದು ದಿವಾಳಿಯಾದರೆ ಬಾವಿ ಅನಾಥ. ಕೆನಡಾದ ಆಲ್ಬರ್ಟಾದಲ್ಲಿ ರೆಡ್‌ವಾಟರ್ ಎನರ್ಜಿ 2015ರಲ್ಲಿ ದಿವಾಳಿಯಾಯಿತು. ಲಾಭದ ಬಾವಿಗಳನ್ನು ಮಾರಿ ಸಾಲ ಕೊಟ್ಟವರಿಗೆ ಹಣ ತೀರಿಸುವುದು, ಉಳಿದವನ್ನು ಸುಮ್ನೆ ಕೈಬಿಡುವುದು, ಇದು ಆಸ್ತಿ ನೋಡಿಕೊಳ್ಳುತ್ತಿದ್ದವರ ಯೋಜನೆ. ಕೆಳಗಿನ ನ್ಯಾಯಾಲಯಗಳು ಒಪ್ಪಿದ್ದವು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಿರುಗಿಸಿತು: ದಿವಾಳಿಯಾದರೂ ಮೊದಲು ಬಾವಿ ಮುಚ್ಚುವ ಹೊಣೆ ತೀರಬೇಕು, ಸಾಲ ಆಮೇಲೆ. ಈ ತೀರ್ಪು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ದಿವಾಳಿಯಾದ ಕಂಪನಿಯ ಪೆಟ್ಟಿಗೆಯಲ್ಲಿ ಏನೂ ಉಳಿದಿರದಿದ್ದರೆ?

ಆಗ ತೆರಿಗೆ ಹಣವೇ ಗತಿ. ಕೆನಡಾ 2020ರಲ್ಲಿ ಸುಮಾರು 170 ಕೋಟಿ ಕೆನಡಿಯನ್ ಡಾಲರ್ ಕೊಟ್ಟಿತು. ಅಮೆರಿಕ 2021ರಲ್ಲಿ 470 ಕೋಟಿ ಡಾಲರ್ ತೆಗೆದಿಟ್ಟಿತು. ನೂರು ವರ್ಷದ ಹಿಂದಿನ, ವಾರಸುದಾರರೇ ಇಲ್ಲದ ಬಾವಿಗಳಿಗೆ ಬೇರೆ ದಾರಿಯಿಲ್ಲ, ಒಪ್ಪೋಣ. ಇವತ್ತೂ ಎಣ್ಣೆ ಕೊಡುತ್ತಿರುವ ಬಾವಿಯ ಖರ್ಚನ್ನು ನಾಳೆ ಜನರ ಮೇಲೆ ಹಾಕುವುದು ಅನ್ಯಾಯ ಅಲ್ವಾ? ಹಣ ವಸೂಲು ಮಾಡಬೇಕಾದ್ದು ಬಾವಿ ದುಡಿಯುತ್ತಿರುವಾಗ, ತಪ್ಪಿದರೆ ಅದು ಕೈ ಬದಲಾಗುವಾಗ. ಕ್ಯಾಲಿಫೋರ್ನಿಯಾ 2023ರಲ್ಲಿ ಇಂಥದ್ದೇ ಕಾನೂನು ಮಾಡಿತು. ಅಲ್ಲಿ ಬಾವಿ ಕೊಳ್ಳುವವರು ಮುಚ್ಚುವ ಪೂರ್ತಿ ಖರ್ಚಿಗೆ ಬಾಂಡ್ ಕೊಡಬೇಕು.