ಡ್ರಮ್ಮಿನ ಹೊಟ್ಟೆಯೊಳಗಿನ ಬಲ್ಬು

ಅಮೆರಿಕದ ಸಣ್ಣ ಪಟ್ಟಣಗಳ ಬ್ಯಾಂಡುಗಳು ನೂರು ವರ್ಷಗಳ ಹಿಂದೆ ಬಳಸುತ್ತಿದ್ದ ದೊಡ್ಡ ಡ್ರಮ್ಮುಗಳ ಮುಂಭಾಗದ ಚರ್ಮದ ಮೇಲೆ ಊರಿನ ಹೆಸರನ್ನೋ ಕೆರೆ, ಬೆಟ್ಟ, ಸೂರ್ಯಾಸ್ತದಂಥ ದೃಶ್ಯವನ್ನೋ ಬಣ್ಣದಲ್ಲಿ ಬರೆಸುತ್ತಿದ್ದರು. 1920ರ ದಶಕದ ಕೆಲವು ಡ್ರಮ್ಮುಗಳ ಒಳಗೆ ವಿದ್ಯುತ್ ಬಲ್ಬೂ ಇತ್ತು. ಅದು ಚಿತ್ರವನ್ನು ಬೆಳಗುವ ಶೋಕಿಗಷ್ಟೇ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಆ ಬಲ್ಬು ಡ್ರಮ್ಮಿನ ದನಿಯನ್ನೂ ಕಾಯುತ್ತಿತ್ತು.

ಆಗ ಡ್ರಮ್ಮಿಗೆ ಹೊದಿಸುತ್ತಿದ್ದುದು ಕರುವಿನ ಚರ್ಮ, ಅಂದರೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ನೀರಿನ ಅಣುಗಳು ಈ ಎಳೆಗಳ ನಡುವೆ ನುಸುಳಿ, ಅವುಗಳನ್ನು ಹಿಡಿದಿಟ್ಟಿದ್ದ ಹೈಡ್ರೋಜನ್ ಬಂಧಗಳ ಜಾಗದಲ್ಲಿ ತಾವೇ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವಂತೆ, ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ಚರ್ಮವೂ ಮೆತ್ತಗಾಗಿ ಹಿಗ್ಗುತ್ತದೆ. ಆದರೆ ಅದನ್ನು ಹಿಡಿದ ಬಳೆ ಹಿಗ್ಗದ ಕಾರಣ ಬಿಗಿ ಇಳಿಯುತ್ತದೆ. ಕಂಪನದ ಆವೃತ್ತಿ, ಅಂದರೆ ಚರ್ಮ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು, ಬಿಗಿಯ ವರ್ಗಮೂಲವನ್ನು ಅನುಸರಿಸುವುದರಿಂದ, ಬಿಗಿ ಕಾಲುಭಾಗಕ್ಕೆ ಇಳಿದರೆ ಆವೃತ್ತಿ ಅರ್ಧಕ್ಕೆ ಕುಸಿಯುತ್ತದೆ. ನಮ್ಮ ತಮಟೆಯವರು ಬಾರಿಸುವ ಮುನ್ನ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವುದು ಈ ನೀರನ್ನು ಓಡಿಸಲೆಂದೇ. ಅದರಲ್ಲಿ ಯಾವ ಮಂತ್ರವೂ ಇಲ್ಲ.

ಬಲ್ಬು ಡ್ರಮ್ಮಿನೊಳಗಿನ ನೀರಾವಿಯನ್ನು ಹೀರಿಕೊಳ್ಳುವುದಿಲ್ಲ, ಗಾಳಿಯನ್ನು ಬಿಸಿಮಾಡುತ್ತದೆ ಅಷ್ಟೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಹಿಡಿಯುತ್ತದೆ. ಪಾತ್ರೆ ದೊಡ್ಡದಾದರೆ ಅದೇ ನೀರು ತಳದಲ್ಲಿ ಕಾಣುವಂತೆ, ಶೇಕಡ 80ರಷ್ಟಿದ್ದ ಆರ್ದ್ರತೆ (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು) ಈ ಹತ್ತು ಡಿಗ್ರಿಗೇ ಶೇಕಡ 45ರ ಆಸುಪಾಸಿಗೆ ಇಳಿಯುತ್ತದೆ. ಆಗ ನೀರು ಚರ್ಮವನ್ನು ಬಿಟ್ಟು ಗಾಳಿಗೆ ಬರುತ್ತದೆ, ಡ್ರಮ್ಮು ಮತ್ತೆ ಬಿಗಿಯಾಗುತ್ತದೆ. ಟಂಗ್‌ಸ್ಟನ್ ತಂತಿಯ ಬಲ್ಬು ಪಡೆದ ವಿದ್ಯುತ್ತಿನಲ್ಲಿ ಶೇಕಡ 90ಕ್ಕಿಂತ ಹೆಚ್ಚನ್ನು ಶಾಖವಾಗಿಯೇ ಚೆಲ್ಲುತ್ತದೆ. ದೀಪವಾಗಿ ಅದರ ದೊಡ್ಡ ದೋಷವಾದದ್ದು ಇಲ್ಲಿ ಗುಣವಾಯಿತು. ಅತಿಯಾಗಿ ಒಣಗಿದ ಚರ್ಮ ಹರಿಯಬಹುದಾದ್ದರಿಂದ ಬಲ್ಬನ್ನು ಎಷ್ಟು ಹೊತ್ತು ಉರಿಸಬೇಕೆಂಬ ಅಂದಾಜು ವಾದಕನಿಗೆ ಇರಲೇಬೇಕಿತ್ತು.

1950ರ ದಶಕದ ಕೊನೆಯಲ್ಲಿ ಪಾಲಿಯೆಸ್ಟರ್ ಹಾಳೆಯ ಹೊದಿಕೆ ಬಂದಿತು. ತೇವಕ್ಕೆ ಅದು ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಆದರೆ ಚರ್ಮದ ಹೊದಿಕೆಯೇ ಉಳಿದಿರುವ ಹಳೆಯ ಡ್ರಮ್ಮಿನೊಳಗೆ ಇಂದು ಯಾರಾದರೂ ಎಲ್‌ಇಡಿ ದೀಪ ಕೂಡಿಸಿದರೆ, ಚಿತ್ರದ ಸೂರ್ಯಾಸ್ತ ಮೊದಲಿನಷ್ಟೇ ಚೆನ್ನಾಗಿ ಬೆಳಗುತ್ತದೆ, ಮಳೆಯ ಸಂಜೆ ಚರ್ಮ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ.