ಐಸ್ ಹೌಸ್: ಮಂಜುಗಡ್ಡೆಯ ಕಣಜ

ಚೆನ್ನೈನ ಮರೀನಾ ಕಡಲತೀರಕ್ಕೆ ಮುಖ ಮಾಡಿ ನಿಂತ ದುಂಡನೆಯ ಕಟ್ಟಡವೊಂದಕ್ಕೆ ‘ಐಸ್ ಹೌಸ್’ ಎಂದು ಹೆಸರು. ಹತ್ತಿರದ ಪೊಲೀಸ್ ಠಾಣೆಗೂ ಅದೇ ಹೆಸರು. ಕೇಳಿದವರಿಗೆ ಹಿಂದೆ ಅಲ್ಲೊಂದು ಐಸ್ ಫ್ಯಾಕ್ಟರಿ ಇದ್ದಿರಬೇಕು ಅನ್ನಿಸುವುದು ಸಹಜ. ಆದರೆ ಐಸ್ ಹೌಸ್‌ನಲ್ಲಿ ಒಂದು ಚೂರು ಐಸೂ ತಯಾರಾಗುತ್ತಿರಲಿಲ್ಲ. ಬೇರೆಲ್ಲೋ ಕೊಯ್ದು ತಂದದ್ದನ್ನು ಕರಗದಂತೆ ಕಾಪಾಡುವುದಷ್ಟೇ ಅದರ ಕೆಲಸ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಮಂಜುಗಡ್ಡೆಯ ಕಣಜ.

‘ಕೊಯ್ದು’ ಎಂದದ್ದು ಅಲಂಕಾರಕ್ಕಲ್ಲ. ಅಮೆರಿಕದ ಬಾಸ್ಟನ್ ಸುತ್ತಲಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಅಲ್ಲಿ ನಡೆಯುತ್ತಿದ್ದುದು ಬೇಸಾಯದಂಥದ್ದೇ ಕೆಲಸ. ಮೇಲೆ ಬಿದ್ದ ಹಿಮ ಕಂಬಳಿ ಹೊದಿಸಿದಂತೆ ಕೂತು ನೀರು ಗಟ್ಟಿಯಾಗುವುದನ್ನು ತಡೆಯುತ್ತದೆ. ಮೊದಲು ಅದನ್ನು ಕೆರೆದು ತೆಗೆಯುತ್ತಿದ್ದರು. ಆಮೇಲೆ ಕುದುರೆ ಎಳೆಯುವ, ನೇಗಿಲಿನಂಥ ಹಲ್ಲುಗಳ ಸಾಧನದಿಂದ ಉದ್ದಕ್ಕೂ ಅಡ್ಡಕ್ಕೂ ಗೆರೆ ಕೊರೆದು, ಗರಗಸ ಮತ್ತು ಹಾರೆಗಳಿಂದ ಬಿಡಿಸಿ ತೆಗೆಯುತ್ತಿದ್ದರು. 1825ರಲ್ಲಿ ಈ ಸಾಧನವನ್ನು ರೂಪಿಸಿದವನು ನಥಾನಿಯಲ್ ವೈಯತ್. ಅದರಿಂದ ಕೆಲಸ ಬೇಗ ಮುಗಿಯಿತು ಎಂಬುದಕ್ಕಿಂತ, ಗಡ್ಡೆಗಳೆಲ್ಲ ಒಂದೇ ಅಳತೆಗೆ ಬಂದವು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಒಂದೇ ಅಳತೆಯವು ಇಟ್ಟಿಗೆಯಂತೆ ಸಂದಿಲ್ಲದೆ ಕೂರುತ್ತವೆ. ಸಂದಿಲ್ಲದಿದ್ದರೆ ಗಾಳಿ ಒಳಗೆ ನುಗ್ಗುವುದಿಲ್ಲ, ಕರಗುವುದೂ ಕಡಿಮೆ.

ಈ ವ್ಯಾಪಾರವನ್ನು ಕಟ್ಟಿದವನು ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್. 1806ರಲ್ಲಿ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪಕ್ಕೆ ಮೊದಲ ಹಡಗು ಕಳಿಸಿ ನಷ್ಟ ಉಂಡ. ಐಸ್ ತಲುಪಿತು, ಇಡಲು ಕಣಜ ಇರಲಿಲ್ಲ! ಸರಕಿನಷ್ಟೇ ಅದನ್ನು ಇಡುವ ಮನೆಯೂ ಮುಖ್ಯ ಎಂದು ಅವನಿಗೆ ಮನವರಿಕೆಯಾದದ್ದು ಹಾಗೆ. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಹಡಗು 180 ಟನ್ ಐಸ್ ಹೊತ್ತು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪಯಣ. ಭೂಮಧ್ಯರೇಖೆಯನ್ನೇ ಎರಡು ಸಲ ದಾಟಬೇಕು. ಸೆಪ್ಟೆಂಬರಿನಲ್ಲಿ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಅಲ್ಲಿಯತನಕ ಕಲ್ಕತ್ತೆಯ ಸಿರಿವಂತರು ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಪಾನೀಯ ತಣಿಸಿಕೊಳ್ಳುತ್ತಿದ್ದರು. ಇಲ್ಲವೇ ಹೂಗ್ಲಿಯ ಬಳಿ ಚಳಿಗಾಲದ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಸಂಗ್ರಹಿಸಿದ ತೆಳು ಮಂಜುಗಡ್ಡೆಯನ್ನು ಕೊಳ್ಳುತ್ತಿದ್ದರು.

ಕರಗುವ ಸರಕು ಇಷ್ಟು ದೂರ ಬಂದದ್ದು ಹೇಗೆ? ಮಂಜುಗಡ್ಡೆ ಕರಗಲು ತುಂಬಾ ಶಾಖ ಬೇಕು. ಒಂದು ಗ್ರಾಂ ಕರಗಿಸಲು ಬೇಕಾಗುವ ಶಾಖದಲ್ಲಿ ಅಷ್ಟೇ ತೂಕದ ನೀರನ್ನು 0 ಡಿಗ್ರಿಯಿಂದ ಸುಮಾರು 80 ಡಿಗ್ರಿಗೆ ಕಾಯಿಸಬಹುದು. ಆ ಶಾಖ ಒಳಬರುವುದನ್ನು ಮರದ ಹೊಟ್ಟು ತಡೆಯುತ್ತಿತ್ತು. ಅಮೆರಿಕದ ಮೇಯ್ನ್ ರಾಜ್ಯದ ಮರದ ಮಿಲ್ಲುಗಳಿಗೆ ಅದು ಕಸ. ಇನ್ನು ಬಾಡಿಗೆಯ ಮಾತು: ಭಾರತಕ್ಕೆ ಹೊರಡುವ ಹಡಗುಗಳಿಗೆ ತೂಕದ ಸರಕು ಸಾಲದೆ, ಸಮತೋಲಕ್ಕೆ ಕಲ್ಲು ತುಂಬುವುದಿತ್ತು. ಆ ಕಲ್ಲಿನ ಜಾಗಕ್ಕೆ ಐಸ್ ಬಂತು, ಸಾಗಣೆ ಅಗ್ಗವಾಯಿತು.

ದಡ ಸೇರಿದ ಮೇಲಿನ ಹೊಣೆ ಐಸ್ ಹೌಸಿನದು. ಗೋಡೆ ದಪ್ಪಗಿರಬೇಕು, ಬಿಸಿಲು ಒಳಬರಬಾರದು. ಕರಗಿದ ನೀರು ನಿಲ್ಲದೆ ಹರಿದುಹೋಗಬೇಕು. ನಿಂತರೆ ಅದೇ ಉಳಿದದ್ದನ್ನು ಕರಗಿಸುತ್ತದೆ. ಕಲ್ಕತ್ತೆ, ಬೊಂಬಾಯಿ, ಮದ್ರಾಸು ಮೂರರಲ್ಲೂ ಇಂಥ ಕಣಜಗಳಿದ್ದವು. ಮದ್ರಾಸಿನದು ಕಟ್ಟಿದ್ದು 1842ರಲ್ಲಿ.

1870ರ ದಶಕದಲ್ಲಿ ಯಂತ್ರದ ಐಸ್ ಇಲ್ಲೇ ತಯಾರಾಗತೊಡಗಿದ ಮೇಲೆ ಬಾಸ್ಟನ್ನಿನ ಹಡಗುಗಳು ನಿಂತವು. ಮದ್ರಾಸಿನ ಕಣಜವನ್ನು ವಕೀಲ ಬಿಳಿಗಿರಿ ಅಯ್ಯಂಗಾರ್ಯರು ಕೊಂಡು, ಕಿಟಕಿ, ಜಗಲಿಗಳನ್ನು ಸೇರಿಸಿ ವಾಸದ ಮನೆ ಮಾಡಿಕೊಂಡರು. ಹೊರಗಿನ ಗಾಳಿ ಬಾರದಿರಲೆಂದು ಕಟ್ಟಿದ ಗೋಡೆಗಳಲ್ಲಿ ಕಡಲ ಗಾಳಿಗೆ ದಾರಿಯಾಯಿತು. 1897ರ ಫೆಬ್ರವರಿಯಲ್ಲಿ ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು ಉಳಿದುಕೊಂಡದ್ದು ಅಲ್ಲೇ. 1963ರಲ್ಲಿ ಅದಕ್ಕೆ ‘ವಿವೇಕಾನಂದರ್ ಇಲ್ಲಂ’ ಎಂದು ಹೆಸರಿಟ್ಟರು. ಊರವರು ಈಗಲೂ ಐಸ್ ಹೌಸ್ ಅನ್ನುತ್ತಾರೆ.