ಎಳೆತದ ಲೆಕ್ಕ: ಟ್ರೇಲರ್ ಕಟ್ಟಿದ ಮಧ್ಯಮ ಗಾತ್ರದ ಪಿಕ್‌ಅಪ್

ಟ್ರೇಲರ್ ಕಟ್ಟಿದ ಪಿಕ್‌ಅಪ್ ಏರಿನಲ್ಲಿ ಏದುಸಿರು ಬಿಡತೊಡಗಿದರೆ ಮೊದಲು ಕೇಳಿಬರುವ ಮಾತು ‘ಎಂಜಿನ್‌ಗೆ ಶಕ್ತಿ ಸಾಲದು’ ಎಂಬುದು. ಈ ವಿಷಯ ಓದಲು ಕುಳಿತಾಗ ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೂ ಅದೇ ಇತ್ತು: ಟ್ಯೂನಿಂಗ್, ಏರ್ ಫಿಲ್ಟರ್, ಸೈಲೆನ್ಸರ್. ಲೆಕ್ಕ ಹಾಕಿ ನೋಡಿದ ಮೇಲೆ ಆ ಪುಟವನ್ನು ಕಿತ್ತು ಹಿಂದಕ್ಕೆ ಅಂಟಿಸಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಏರು ಕೇಳುವುದು ಎಷ್ಟು?

ಉದಾಹರಣೆಗೆ 2,100 ಕೆ.ಜಿ. ತೂಕದ ಪಿಕ್‌ಅಪ್, ಅದರ ಹಿಂದೆ 1,800 ಕೆ.ಜಿ. ತೂಕದ ಪೆಟ್ಟಿಗೆಯಾಕಾರದ ಟ್ರೇಲರ್ ಎಂದುಕೊಳ್ಳೋಣ. ಒಟ್ಟು 3,900 ಕೆ.ಜಿ. ರಸ್ತೆ ಶೇ. 6ರಷ್ಟು ಏರು, ಅಂದರೆ ನೂರು ಮೀಟರಿಗೆ ಆರು ಮೀಟರ್ ಮೇಲಕ್ಕೆ. ವೇಗ ಗಂಟೆಗೆ 80 ಕಿ.ಮೀ.

ವಾಹನವನ್ನು ಹಿಂದಕ್ಕೆ ಎಳೆಯುವ ಬಲಗಳು ಮೂರು. ಏರಿನ ಬಲ 3,900 × 9.81 × 0.06, ಸುಮಾರು 2,295 ನ್ಯೂಟನ್. ಟೈರುಗಳ ಉರುಳುವಿಕೆಯ ತಡೆ, ಗುಣಾಂಕ 0.012 ಎಂದು ಹಿಡಿದರೆ, 460 ನ್ಯೂಟನ್. ಗಾಳಿಯ ತಡೆಗೆ ಎದುರು ವಿಸ್ತೀರ್ಣ ಮತ್ತು ಆಕಾರ ಗುಣಾಂಕಗಳ ಗುಣಲಬ್ಧವನ್ನು 2.5 ಚದರ ಮೀಟರ್ ಎಂದು ಇಟ್ಟುಕೊಂಡೆ; ಅದು 740 ನ್ಯೂಟನ್ ಬರುತ್ತದೆ. ಮೂರೂ ಸೇರಿ ಸುಮಾರು 3,495 ನ್ಯೂಟನ್. ಇದನ್ನು ಸೆಕೆಂಡಿಗೆ 22.2 ಮೀಟರ್ ವೇಗದಿಂದ ಗುಣಿಸಿದರೆ 78 ಕಿಲೋವ್ಯಾಟ್, ಹೆಚ್ಚುಕಡಿಮೆ 105 ಅಶ್ವಶಕ್ತಿ.

ಇಲ್ಲಿ ಒಂದು ಕ್ಷಣ ನಿಲ್ಲಿ. ಈಗಿನ ಮಧ್ಯಮ ಗಾತ್ರದ ಪಿಕ್‌ಅಪ್‌ಗಳಲ್ಲಿ 150 ಅಶ್ವಶಕ್ತಿ ದಾಟಿದ ಎಂಜಿನ್ ಅಪರೂಪವೇನಲ್ಲ. ಗೇರ್‌ಪೆಟ್ಟಿಗೆ ಮತ್ತು ಆಕ್ಸಲ್‌ನಲ್ಲಿ ಸೋರಿಹೋಗುವ ಪಾಲನ್ನು ಕಳೆದರೂ ಈ ಏರಿಗೆ ಬೇಕಾದಷ್ಟು ಶಕ್ತಿ ಅದರಲ್ಲಿ ಇದೆ. ಹಾಗಿದ್ದರೂ ಬಂಡಿ ತಿಣುಕುತ್ತದೆ ಎಂದರೆ ಶಕ್ತಿ ಇದ್ದೂ ಚಕ್ರಕ್ಕೆ ತಲುಪುತ್ತಿಲ್ಲ, ಇಲ್ಲವೇ ಶಾಖ ಹೊರಹೋಗಲು ದಾರಿ ಸಾಲುತ್ತಿಲ್ಲ.

ಗೇರ್ ಮಾಡುವ ಕೆಲಸ

ಮೇಲಿನ ಬಲವನ್ನು 30 ಇಂಚು ವ್ಯಾಸದ ಟೈರಿಗೆ ಅನ್ವಯಿಸಿದರೆ (ತ್ರಿಜ್ಯ 0.381 ಮೀಟರ್) ಚಕ್ರಗಳಿಗೆ ಬೇಕಾದ ಒಟ್ಟು ಟಾರ್ಕ್ (ತಿರುಗಿಸುವ ಬಲ) ಸುಮಾರು 1,330 ನ್ಯೂಟನ್-ಮೀಟರ್. ಆಕ್ಸಲ್‌ನ ಕ್ರೌನ್-ಪಿನಿಯನ್ ಹಲ್ಲುಚಕ್ರಗಳ ಅನುಪಾತ 3.73 ಇದ್ದರೆ (ಶಾಫ್ಟ್ 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು), ಗೇರ್‌ಪೆಟ್ಟಿಗೆಯಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ 357 ಬೇಕು. ಈಗ ಗೇರ್ ಬದಲಿಸುತ್ತಾ ಹೋಗಿ, ನಷ್ಟಗಳನ್ನು ಸದ್ಯಕ್ಕೆ ಬದಿಗಿಟ್ಟು:

0.7 ಅನುಪಾತದ ಓವರ್‌ಡ್ರೈವ್ ಎಂಬ ಮೇಲಿನ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1,454 ಸುತ್ತು ತಿರುಗುತ್ತಾ 510 ನ್ಯೂಟನ್-ಮೀಟರ್ ಕೊಡಬೇಕು.
1.0 ನೇರ ಗೇರಿನಲ್ಲಿ 2,077 ಸುತ್ತು, 357 ನ್ಯೂಟನ್-ಮೀಟರ್.
1.4 ಅನುಪಾತದ ಗೇರಿನಲ್ಲಿ 2,908 ಸುತ್ತು, 255 ನ್ಯೂಟನ್-ಮೀಟರ್ ಸಾಕು.

ಮೂರರಲ್ಲೂ ಶಕ್ತಿ ಅದೇ 78 ಕಿಲೋವ್ಯಾಟ್. ಬದಲಾಗಿದ್ದು ಎಂಜಿನ್ ಆ ಶಕ್ತಿಯನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದಷ್ಟೇ. 510 ಕೇಳಿದರೆ ಒದ್ದಾಡುವ ಎಂಜಿನ್ 255 ಕೇಳಿದರೆ ನಿರಾಳವಾಗಿ ಕೊಡುತ್ತದೆ. ಎಂಜಿನ್ ಕೂಗುತ್ತದೆಂದು ಹೆದರಿ ಗೇರ್ ಏರಿಸುವ ಅಭ್ಯಾಸವೇ ಅನೇಕ ಸಲ ಎಳೆತದ ಶತ್ರು. ಕಡಿಮೆ ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವುದು, ಹೆಚ್ಚು ಸುತ್ತಿನಲ್ಲಿ ಅರ್ಧ ಒತ್ತುವುದಕ್ಕಿಂತ ಎಂಜಿನ್‌ಗೆ ಕಷ್ಟದ ಕೆಲಸ. ಆಟೊಮ್ಯಾಟಿಕ್ ವಾಹನಗಳಲ್ಲಿ ಇರುವ ‘ಟೋ/ಹಾಲ್’ ಗುಂಡಿ ಮಾಡುವುದೂ ಮುಖ್ಯವಾಗಿ ಇದನ್ನೇ: ಗೇರ್ ಏರಿಕೆಯನ್ನು ತಡಮಾಡುತ್ತದೆ, ಏರಿನಲ್ಲಿ ಪದೇಪದೇ ಮೇಲೆ-ಕೆಳಗೆ ಆಡುವುದನ್ನು ತಪ್ಪಿಸುತ್ತದೆ, ಇಳಿಜಾರಿನಲ್ಲಿ ತಾನೇ ಗೇರ್ ಇಳಿಸುತ್ತದೆ. ದುಡ್ಡು ಖರ್ಚಾಗದ ಸುಧಾರಣೆ ಇದು. ಎಷ್ಟೋ ಜನ ಆ ಗುಂಡಿಯನ್ನು ಮುಟ್ಟಿಯೂ ಇರುವುದಿಲ್ಲ.

ಇದೇ ಲೆಕ್ಕದ ಇನ್ನೊಂದು ಮುಖ ಟೈರ್. ನೋಟಕ್ಕೆಂದು 30 ಇಂಚಿನ ಬದಲು 33 ಇಂಚಿನ ಟೈರ್ ಹಾಕಿಸಿದವರ 3.73 ಆಕ್ಸಲ್, ಲೆಕ್ಕದಲ್ಲಿ 3.39 ಆಗಿಬಿಡುತ್ತದೆ. ಹಳೆಯ ಎಳೆತ ಮರಳಿ ಬೇಕೆಂದರೆ ಕ್ರೌನ್-ಪಿನಿಯನ್ ಬದಲಿಸಿ 4.10ಕ್ಕೆ ಹೋಗಬೇಕು. ಅಷ್ಟು ಖರ್ಚು ಮಾಡಿ ತಲುಪಿದ್ದು ಎಲ್ಲಿಗೆ? ಹೊರಟಲ್ಲಿಗೇ. ಮೂಲ ಗಾತ್ರದ ಟೈರ್ ಉಳಿಸಿಕೊಂಡು 3.55ರಿಂದ 4.10ಕ್ಕೆ ಹೋದರೆ ಮಾತ್ರ ಅದು ನಿಜವಾದ ಗಳಿಕೆ: ಪ್ರತಿ ಗೇರಿನಲ್ಲೂ ಚಕ್ರದ ಟಾರ್ಕ್ ಸುಮಾರು ಶೇ. 15ರಷ್ಟು ಹೆಚ್ಚುತ್ತದೆ. ಟ್ರೇಲರ್ ಇಲ್ಲದ ದಿನ ಎಂಜಿನ್ ಅಷ್ಟೇ ಪಾಲು ಹೆಚ್ಚು ತಿರುಗಿ ಇಂಧನ ಕುಡಿಯುತ್ತದೆ, ಅದು ಅದರ ಬೆಲೆ. ನಾಲ್ಕು ಚಕ್ರಗಳ ಚಾಲನೆಯ ಪಿಕ್‌ಅಪ್ ಆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಒಟ್ಟಿಗೇ ಬದಲಿಸಬೇಕು ಎಂಬುದನ್ನು ಮರೆಯಬೇಡಿ.

ಶಾಖ

ಎಂಜಿನ್‌ನಲ್ಲಿ ಉರಿದ ಇಂಧನದ ಶಕ್ತಿ ಸ್ಥೂಲವಾಗಿ ಮೂರು ಪಾಲಾಗುತ್ತದೆ: ಒಂದು ಶಾಫ್ಟಿಗೆ, ಒಂದು ಹೊಗೆಯೊಂದಿಗೆ ಹೊರಕ್ಕೆ, ಒಂದು ರೇಡಿಯೇಟರಿಗೆ. ಏರಿನಲ್ಲಿ ಶಾಫ್ಟಿನ ಪಾಲು ಹೆಚ್ಚಿದಷ್ಟೂ ರೇಡಿಯೇಟರಿನ ಪಾಲೂ ಹೆಚ್ಚುತ್ತದೆ. ಆದರೆ ಆಟೊಮ್ಯಾಟಿಕ್ ವಾಹನದಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಎಂಜಿನ್ ಅಲ್ಲ, ಗೇರ್‌ಪೆಟ್ಟಿಗೆಯ ಎಣ್ಣೆ. ಎಂಜಿನ್‌ನ ತಿರುಗಾಟವನ್ನು ಎಣ್ಣೆಯ ಮೂಲಕ ಗೇರ್‌ಪೆಟ್ಟಿಗೆಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಶೇ. 10ರಷ್ಟು ಜಾರುತ್ತಿದೆ ಎನ್ನಿ. 80 ಕಿಲೋವ್ಯಾಟ್ ಹಾದುಹೋಗುವಾಗ 8 ಕಿಲೋವ್ಯಾಟ್ ಎಣ್ಣೆಯಲ್ಲೇ ಶಾಖವಾಗಿ ಉಳಿಯುತ್ತದೆ. ಒಂದು ಕಿಲೋವ್ಯಾಟ್‌ನ ನೀರು ಕಾಯಿಸುವ ಎಂಟು ಕಾಯಿಲ್‌ಗಳನ್ನು ಗೇರ್‌ಪೆಟ್ಟಿಗೆಯೊಳಗೆ ಅದ್ದಿ ಇಟ್ಟಂತೆ. ಎಣ್ಣೆ 120 ಡಿಗ್ರಿ ಸೆಲ್ಸಿಯಸ್ ದಾಟಿ ಬಹುಹೊತ್ತು ಓಡಿದರೆ ಅದರ ಗುಣ ಬೇಗ ಕೆಡುತ್ತದೆ, ಕ್ಲಚ್ ತಟ್ಟೆಗಳು ಸುಡುತ್ತವೆ.

ಹಾಗಾಗಿ ಹಣ ಹಾಕುವುದಾದರೆ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಗೇರ್‌ಪೆಟ್ಟಿಗೆಯ ಹೆಚ್ಚುವರಿ ಆಯಿಲ್ ಕೂಲರ್‌ಗೆ, ಅದರ ಜೊತೆಗೊಂದು ಉಷ್ಣಮಾಪಕಕ್ಕೆ. ಮಾಪಕ ಇಲ್ಲದ ಕೂಲರ್ ನಂಬಿಕೆಯ ಮಾತಷ್ಟೇ. ಕಾರ್ಖಾನೆಯಿಂದ ಬರುವ ‘ಟೋಯಿಂಗ್ ಪ್ಯಾಕೇಜ್’ನಲ್ಲಿ ಕೂಲರ್ ಹಲವು ವೇಳೆ ಸೇರಿಯೇ ಇರುತ್ತದೆ, ಇದೆಯೋ ಇಲ್ಲವೋ ನೋಡಿಕೊಂಡು ಮುಂದುವರಿಯಿರಿ.

ಟ್ಯೂನಿಂಗ್ ಪುಟ ಹಿಂದಕ್ಕೆ ಹೋಗಿದ್ದೂ ಇದೇ ಕಾರಣಕ್ಕೆ. ಟರ್ಬೊ ಡೀಸೆಲ್‌ಗೆ ಟ್ಯೂನಿಂಗ್ ಮಾಡಿಸಿದರೆ ಟಾರ್ಕ್ ಏರುವುದು ನಿಜ. ಆದರೆ ರೇಡಿಯೇಟರ್, ಬ್ರೇಕ್, ಆಕ್ಸಲ್, ಚಾಸಿ ಇದ್ದಲ್ಲೇ ಇವೆ. ತಯಾರಕರು ನಿಗದಿಪಡಿಸಿದ ಎಳೆತದ ಮಿತಿ ಒಂದು ಕೆ.ಜಿ.ಯೂ ಏರುವುದಿಲ್ಲ. ಏರ್ ಫಿಲ್ಟರ್, ಸೈಲೆನ್ಸರ್ ಬದಲಾವಣೆಯಿಂದ ಸದ್ದು ಬದಲಾಗುತ್ತದೆ, ಏರಿನಲ್ಲಿ ಗಮನಕ್ಕೆ ಬರುವಂಥದ್ದು ವಿಶೇಷವೇನೂ ಇಲ್ಲ. ಎತ್ತರದ ಪ್ರದೇಶದಲ್ಲಿ ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಸುಮಾರು ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೆ ಮದ್ದು ಹಗುರ ಹೇರು ಮತ್ತು ತಗ್ಗಿನ ಗೇರ್.

ವೇಗದ ಮಾತೂ ಇಲ್ಲಿಗೇ ಸೇರುತ್ತದೆ. ಗಾಳಿಗೆ ವ್ಯಯವಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ಮೇಲಿನ ಟ್ರೇಲರ್‌ಗೆ ಗಂಟೆಗೆ 80 ಕಿ.ಮೀ.ನಲ್ಲಿ 16.5 ಕಿಲೋವ್ಯಾಟ್ ಬೇಕಾದರೆ 100ರಲ್ಲಿ 32. ಇಪ್ಪತ್ತು ಕಿಲೋಮೀಟರ್ ವೇಗ ಇಳಿಸಿದರೆ ಸಿಗುವ ಈ ಉಳಿತಾಯವನ್ನು ಯಾವ ಫಿಲ್ಟರ್ ಕೊಡುತ್ತದೆ?

ಮೂಕಿಯ ಭಾರ

ಟ್ರೇಲರ್‌ನ ಮುಂದಿನ ಚಾಚು ಪಿಕ್‌ಅಪ್‌ನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಹಾಕುವ ಭಾರಕ್ಕೆ ನಮ್ಮ ಗಾಡಿಯ ‘ಮೂಕಿ’ ಎಂಬ ಪದವೇ ಸರಿಹೊಂದುತ್ತದೆ ಎನ್ನಿಸಿ ಹಾಗೆಯೇ ಬರೆದುಕೊಂಡಿದ್ದೇನೆ. ಉತ್ತರ ಅಮೆರಿಕದ ವಾಡಿಕೆಯಲ್ಲಿ ಇದು ಟ್ರೇಲರ್ ತೂಕದ ಶೇ. 10ರಿಂದ 15, ಯುರೋಪಿನಲ್ಲಿ ಇದಕ್ಕಿಂತ ಕಡಿಮೆ. ನಿಮ್ಮ ವಾಹನದ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಹಿಂಭಾರವಾದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ, ವೇಗ ಹೆಚ್ಚಿದಂತೆ ಆ ತೊನೆತವೂ ಬಲಿಯುತ್ತದೆ. ಮುಂಭಾರ ಮಿತಿಮೀರಿದರೆ ಬೇರೆಯದೇ ತೊಂದರೆ, ಅದನ್ನು ಸನ್ನೆಕೋಲಿನ ಲೆಕ್ಕದಲ್ಲಿ ನೋಡಬೇಕು.

ನಮ್ಮ ಟ್ರೇಲರ್‌ನ ಮೂಕಿ ಭಾರ 180 ಕೆ.ಜಿ. ಪಿಕ್‌ಅಪ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ 3.2 ಮೀಟರ್, ಹಿಚ್‌ನ ಗುಂಡು ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದೆ. ಹಿಂದಿನ ಆಕ್ಸಲ್ಲೇ ಇಲ್ಲಿ ಆನಿಕೆ. ಮುಂದಿನ ಆಕ್ಸಲ್‌ನಿಂದ ಎತ್ತಿಹೋಗುವ ತೂಕ 180 × 1.2 ÷ 3.2, ಅಂದರೆ 67.5 ಕೆ.ಜಿ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 180 ಅಲ್ಲ, 247.5. ಸ್ಟಿಯರಿಂಗ್ ಹಗುರವಾಗುವುದು, ಮುಂದಿನ ಬ್ರೇಕಿನ ಹಿಡಿತ ತಗ್ಗುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಎಲ್ಲಕ್ಕೂ ಮೂಲ ಈ 67.5.

ಇಲ್ಲಿ ನಾನು ಎಡವಿದ್ದೆ. ಹಿಂಭಾಗ ಕುಸಿದರೆ ಸ್ಪ್ರಿಂಗ್ ಜೊತೆಗೆ ಗಾಳಿಚೀಲ ಹಾಕಿಸಿದರಾಯಿತು ಎಂದು ಬರೆದುಕೊಂಡಿದ್ದೆ. ಗಾಳಿಚೀಲ ವಾಹನವನ್ನು ಮಟ್ಟಕ್ಕೆ ಎತ್ತುತ್ತದೆ, ಕಣ್ಣಿಗೆ ಎಲ್ಲ ಸರಿಯಾದಂತೆ ಕಾಣುತ್ತದೆ, ಆದರೆ ಮುಂದಿನ ಆಕ್ಸಲ್ ಕಳೆದುಕೊಂಡ ತೂಕ ಮರಳುವುದಿಲ್ಲ. ಅದನ್ನು ಮರಳಿಸುವುದು ಭಾರ ಹಂಚುವ ಹಿಚ್. ಅದರ ಉದ್ದನೆಯ ಸ್ಪ್ರಿಂಗ್ ಸರಳುಗಳು ಮೂಕಿಯನ್ನು ಮೀಟುಗೋಲಿನಂತೆ ಒತ್ತಿಹಿಡಿದು ಒಂದಷ್ಟು ಭಾರವನ್ನು ಮುಂದಿನ ಆಕ್ಸಲ್‌ಗೂ ಒಂದಷ್ಟನ್ನು ಟ್ರೇಲರ್‌ನ ಆಕ್ಸಲ್‌ಗೂ ದಾಟಿಸುತ್ತವೆ. ಎಲ್ಲ ಪಿಕ್‌ಅಪ್‌ಗಳಿಗೂ ತಯಾರಕರು ಇದನ್ನು ಒಪ್ಪುವುದಿಲ್ಲ, ಕೈಪಿಡಿ ನೋಡಿಯೇ ಹಾಕಿಸಬೇಕು. ಪರೀಕ್ಷೆಗೆ ಟೇಪು ಸಾಕು: ಟ್ರೇಲರ್ ಕಟ್ಟುವ ಮೊದಲು, ಕಟ್ಟಿದ ಮೇಲೆ, ಸರಳು ಬಿಗಿದ ಮೇಲೆ, ಮುಂಚಕ್ರದ ಮಡ್‌ಗಾರ್ಡ್ ಅಂಚು ನೆಲದಿಂದ ಎಷ್ಟು ಎತ್ತರವಿದೆ ಎಂದು ಮೂರು ಸಲ ಅಳೆಯಿರಿ. ಇನ್ನೂ ಖಚಿತ ಬೇಕಾದರೆ ವೇ-ಬ್ರಿಡ್ಜ್ ಮೇಲೆ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ.

ಮೂಕಿ ಭಾರ ಪಿಕ್‌ಅಪ್ ಹೊರುವ ಹೇರಿನ ಲೆಕ್ಕಕ್ಕೇ ಸೇರುತ್ತದೆ. ಹೊರುವ ಮಿತಿ 600 ಕೆ.ಜಿ. ಇದ್ದರೆ ಮೂಕಿಗೆ 180, ಹಿಚ್ ಸಲಕರಣೆಗೆ 40, ನಾಲ್ವರು ಪ್ರಯಾಣಿಕರಿಗೆ 300; ಉಳಿಯುವುದು 80. ಎಳೆತದ ಮಿತಿಯನ್ನು ಅಳೆಯುವ, ಅಮೆರಿಕದ ವಾಹನ ಎಂಜಿನಿಯರುಗಳ ಸಂಘದ ಎಸ್‌ಎಇ ಜೆ2807 ಮಾನದಂಡ ಒಳಗೆ ಕುಳಿತವರೆಂದು ಊಹಿಸಿಕೊಳ್ಳುವುದು ಚಾಲಕ ಮತ್ತು ಒಬ್ಬ ಸಹಪ್ರಯಾಣಿಕ, ತಲಾ 68 ಕೆ.ಜಿ. ಇಬ್ಬರನ್ನೇ. ಜಾಹೀರಾತಿನ ಸಂಖ್ಯೆ ಸುಳ್ಳಲ್ಲ, ಅದು ಹೆಚ್ಚುಕಡಿಮೆ ಖಾಲಿ ಪಿಕ್‌ಅಪ್‌ನ ಸಂಖ್ಯೆ.

ಇಳಿಜಾರು

ಅದೇ 3,900 ಕೆ.ಜಿ. ಬಂಡಿ ಶೇ. 6ರ ಇಳಿಜಾರಿನಲ್ಲಿ 5 ಕಿ.ಮೀ. ಇಳಿದರೆ 300 ಮೀಟರ್ ಕೆಳಗೆ ಬರುತ್ತದೆ. ಬಿಡುಗಡೆಯಾಗುವ ಶಕ್ತಿ 11.5 ಮೆಗಾಜೂಲ್, 34 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಒಂದು ಪಾಲನ್ನು ಗಾಳಿ ಮತ್ತು ಟೈರ್ ನುಂಗುತ್ತವೆ. ಉಳಿದದ್ದನ್ನೆಲ್ಲ ಬ್ರೇಕಿಗೇ ಬಿಟ್ಟರೆ ಡಿಸ್ಕ್ ಕಾದು ಹಿಡಿತ ತಪ್ಪುತ್ತದೆ. ಇಳಿಯುವ ಮೊದಲೇ ಗೇರ್ ತಗ್ಗಿಸಬೇಕು, ಅರ್ಧ ಇಳಿದ ಮೇಲಲ್ಲ.

ಟ್ರೇಲರ್‌ಗೆ ಅದರದೇ ವಿದ್ಯುತ್ ಬ್ರೇಕ್ ಇದ್ದರೆ ಕ್ಯಾಬಿನ್ನಿನಲ್ಲಿ ಒಂದು ಬ್ರೇಕ್ ಕಂಟ್ರೋಲರ್ ಬೇಕು. ಬ್ರೇಕ್ ಒತ್ತಿಹಿಡಿದ ಹೊತ್ತು ಬೆಳೆದಂತೆ ಕರೆಂಟ್ ಏರಿಸುವ ಅಗ್ಗದ ಬಗೆಗಿಂತ, ವಾಹನ ನಿಧಾನಿಸುವ ಪ್ರಮಾಣವನ್ನು ಗ್ರಹಿಸಿ ಅಷ್ಟೇ ಬ್ರೇಕ್ ಹಾಕುವ ಬಗೆ ಎಷ್ಟೋ ಮೇಲು. ಬಾಲ ಬೀಸತೊಡಗಿದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಪಿಕ್‌ಅಪ್‌ನ ಬ್ರೇಕ್ ಮುಟ್ಟದೆ ಈ ಕಂಟ್ರೋಲರ್‌ನ ಕೈಗುಂಡಿಯನ್ನಷ್ಟೇ ಒತ್ತಬೇಕು. ಅದರ ಹೊಂದಾಣಿಕೆಗೆ ಖಾಲಿ, ಒಣ, ಸಮತಟ್ಟಾದ ಜಾಗದಲ್ಲಿ ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಕೈಗುಂಡಿ ಒತ್ತಿ ನೋಡಿ. ಟ್ರೇಲರ್‌ನ ಚಕ್ರ ಕಚ್ಚಿ ಎಳೆದುಕೊಂಡು ಬಂದರೆ ಮಟ್ಟ ಇಳಿಸಿ, ಹಿಂದಿನಿಂದ ತಳ್ಳಿದಂತೆ ಅನ್ನಿಸಿದರೆ ಏರಿಸಿ, ಕಚ್ಚುವ ಹಂತಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಹೇರು ಇಳಿಸಿ ಖಾಲಿ ಟ್ರೇಲರ್ ಎಳೆದುಕೊಂಡು ಮರಳುವಾಗ ಆ ಮಟ್ಟ ಹೆಚ್ಚಾಗುತ್ತದೆ; ಮತ್ತೊಮ್ಮೆ ಇಳಿಸಿಕೊಳ್ಳಬೇಕು.